ಕಲ್ಲಿನ ಅಕ್ಷರ, ಬೆಳಕಿನ ಅಕ್ಷರ

ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿ ಹಿಡಿದು ಹೊರಟವನಿಗೆ ತಾಳಗುಂದ ದೂರವಲ್ಲ. ಊರು ಚಿಕ್ಕದು. ಅಲ್ಲಿಯ ಪ್ರಣವೇಶ್ವರ ದೇಗುಲವೂ ಆಡಂಬರವಿಲ್ಲದ್ದು. ಆದರೆ ಆ ದೇಗುಲದ ಮುಂದಿರುವ ಕಲ್ಲಿನ ಕಂಬದೆದುರು ನಿಂತಾಗಲೆಲ್ಲ ನನಗೆ ಒಂದು ಬಗೆಯ ಸಂಕೋಚವುಂಟಾಗುತ್ತದೆ. ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಒಂದು ಸಂಸ್ಕೃತ ಕಾವ್ಯವನ್ನು ರಚಿಸಿ, ಅದನ್ನು ತಾನೇ ಈ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಮಯೂರಶರ್ಮನು ವೇದಾಧ್ಯಯನಕ್ಕೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಓದಲು ಹೋದವನು ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು, ಎಲ್ಲವೂ ಅದರಲ್ಲಿ ಉಂಟು. ಸಾವಿರದ ಐನೂರು ಮಳೆಗಾಲಗಳನ್ನು ಕಂಡ ಕಲ್ಲು, ಕವಿಯ ಹೆಸರನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಈ ಕಂಬದೆದುರು ನಿಂತು ಚಲಚ್ಚಿತ್ರದ ವಿಚಾರ ಯೋಚಿಸುವುದು ವಾಚಕರಿಗೆ ವಿಚಿತ್ರವೆಂದು ತೋರಬಹುದು. ನಾನು ಯೋಚಿಸುವುದು ಇಷ್ಟೇ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು ೧೯೩೪ರ ಮಾರ್ಚ್ ೩ರಂದು. ವೈ. ವಿ. ರಾವ್ ಅದರ ನಿರ್ದೇಶಕರು. ಜನ ಮುಗಿಬಿದ್ದು ನೋಡಿದ ಆ ಚಿತ್ರದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕದಂಬರ ಕಾಲದ ಕವಿಯ ಕೈಬರಹ ನಮಗೆ ಸಿಕ್ಕುತ್ತದೆ. ನಮ್ಮ ಅಜ್ಜಂದಿರು ದುಡ್ಡು ಕೊಟ್ಟು ನೋಡಿದ ಚಿತ್ರ ಸಿಕ್ಕುವುದಿಲ್ಲ. ಇದಕ್ಕಿಂತ ಸೋಜಿಗದ ಸಂಗತಿ ಬೇರೆ ಯಾವುದಿದ್ದೀತು?

ಆದರೆ ಉಳಿದುಬಿಟ್ಟ ಮಾತ್ರಕ್ಕೆ ಎಲ್ಲವೂ ಆಯಿತೆಂದಲ್ಲ. ತಾಳಗುಂದದ ಈ ಕಂಬ ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲೇ ಇದ್ದಿತು. ಅದರ ಪಕ್ಕದಲ್ಲೇ ಜನ ಓಡಾಡಿದರು, ದನ ಮೇಯಿಸಿದರು. ಬಿ. ಎಲ್. ರೈಸ್ ಅವರ ಕಣ್ಣಿಗೆ ಅದು ಬಿದ್ದದ್ದು ೧೮೯೪ರಲ್ಲಿ. ಶಿಕಾರಿಪುರದ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ೧೯೦೨ರಲ್ಲಿಯೂ, ಸೊರಬದವು ಎಂಟನೆಯ ಸಂಪುಟದಲ್ಲಿ ೧೯೦೪ರಲ್ಲಿಯೂ ಅಚ್ಚಾದ ಮೇಲಷ್ಟೇ ನಮ್ಮ ಊರುಗಳ ಕಲ್ಲುಗಳಿಗೆ ಬಾಯಿ ಬಂದದ್ದು. ಬರೆದವನು ಒಬ್ಬ, ಉಳಿಸಿದವರು ಕೆಲವರು, ಓದಿ ಹೇಳಿದವರು ಮತ್ತೆ ಕೆಲವರು. ಈ ಮೂವರೂ ಕೂಡಿದಾಗಲೇ ಒಂದು ಕೃತಿ ನಮ್ಮದಾಗುತ್ತದೆ. ಚಲಚ್ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಸೋದರಮಾವನೊಡನೆ ಕೂತು ಒಂದು ಇಟಾಲಿಯನ್ ಚಿತ್ರ ನೋಡಿ ಕಲಿತೆ. ಆ ಕಥೆಯನ್ನು ಹೇಳುವ ಮುನ್ನ ಹಿನ್ನೆಲೆಯಾಗಿ ಎರಡು ಮಾತು.

ನಮ್ಮ ತಾಲ್ಲೂಕುಗಳಿಗೆ ಸಿನಿಮಾ ಬಂದದ್ದು ಡೇರೆಯಲ್ಲಿ. ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ ಟೂರಿಂಗ್ ಟಾಕೀಸಿನವರು ಬಂದು ಕಂಬ ನೆಡುವರು. ಮಳೆಯ ಮೋಡ ಕಂಡೊಡನೆ ಕಿತ್ತುಕೊಂಡು ಹೋಗುವರು. ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿ. ಆಟಕ್ಕೆ ಮೊದಲು ಸರ್ಕಾರದ ಫಿಲಂಸ್ ಡಿವಿಜನ್ ತೆಗೆದ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸಲೇಬೇಕೆಂಬ ಕಟ್ಟಳೆ ಇದ್ದಿತು. ನಾವು ಅದನ್ನು 'ನ್ಯೂಸ್ ರೀಲು' ಎಂದು ಕರೆದು, ಅದು ಮುಗಿಯುವವರೆಗೆ ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದೆವು. ಅಣೆಕಟ್ಟು, ಪ್ರವಾಹ, ಪ್ರಧಾನಿಗಳ ಪ್ರವಾಸ ಇವೆಲ್ಲ ಕಥೆಯ ಮುಂಚಿನ ಕಾಟವೆಂದೇ ನಮ್ಮ ಭಾವನೆ. ನಿಜವಾಗಿ ನಡೆದದ್ದನ್ನು ತೆರೆಯ ಮೇಲೆ ನೋಡುವುದರಲ್ಲಿಯೂ ಒಂದು ರಸವುಂಟೆಂದು ಆಗ ನಮಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಹಾಗೆಂದು ನಮ್ಮ ಜನರಿಗೆ ಚಿತ್ರವನ್ನು ಓದುವ ಅಭ್ಯಾಸವೇ ಇರಲಿಲ್ಲವೆಂದರೆ ಅದು ದೊಡ್ಡ ತಪ್ಪು. ಸೊರಬದ ಸುತ್ತಮುತ್ತ ಯಾವ ಊರಿಗೆ ಹೋದರೂ ಕೆರೆಯೇರಿಯ ಮೇಲೋ ಗುಡಿಯ ಬದಿಯಲ್ಲೋ ವೀರಗಲ್ಲು ಸಿಕ್ಕುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗಳನ್ನು ಬಿಡಿಸಲು ಹೋದ ವೀರ ಬಾಣ ತಾಗಿ ಬೀಳುತ್ತಾನೆ. ಅದರ ಮೇಲಿನದರಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಾರೆ. ಎಲ್ಲಕ್ಕಿಂತ ಮೇಲೆ ಶಿವಲೋಕ. ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಒಬ್ಬನೇ ಮನುಷ್ಯ ಮೂರು ಕಡೆ, ಮೂರು ಹೊತ್ತಿನಲ್ಲಿ ಕಾಣಿಸಿಕೊಂಡರೂ ನಮ್ಮ ಅಜ್ಜಿಯರಿಗೆ ಅದರಲ್ಲಿ ಗೊಂದಲವಾಗಲಿಲ್ಲ. ಪಟ್ಟಿಕೆಯಿಂದ ಪಟ್ಟಿಕೆಗೆ ಜಿಗಿಯುವಾಗ ನಡುವೆ ಬಿಟ್ಟದ್ದನ್ನು ಮನಸ್ಸೇ ತುಂಬಿಕೊಳ್ಳಬೇಕು. ರಷ್ಯಾದ ಐಸೆನ್‌ಸ್ಟೈನ್ ೧೯೨೫ರಲ್ಲಿ ತೆಗೆದ 'ಬ್ಯಾಟಲ್‌ಷಿಪ್ ಪೊಟೆಂಕಿನ್' ನೋಡುಗನಿಂದ ಬಯಸುವುದೂ ಇದನ್ನೇ. ದೊಡ್ಡ ಊರಿನ ವಿದ್ಯಾವಂತರು ಇಂಥ ಚಿತ್ರಗಳು ಹಳ್ಳಿಯವರಿಗೆ ತಿಳಿಯುವುದಿಲ್ಲವೆಂದು ತಲೆಯಾಡಿಸುತ್ತಿದ್ದ ಕಾಲದಲ್ಲಿ, ಅದು ಸುಳ್ಳೆಂದು ತೋರಿಸಿಕೊಟ್ಟದ್ದು ನಮ್ಮ ನೆರೆಯ ಸಾಗರ ತಾಲ್ಲೂಕಿನ ಒಂದು ಸಣ್ಣ ಊರು.

ಹೆಗ್ಗೋಡಿನ ಹೆಸರು ಕೇಳದ ಕನ್ನಡಿಗರು ವಿರಳ. ೧೯೪೯ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ನೀನಾಸಮ್ ಎಂಬುದು ಅದರ ಹ್ರಸ್ವ ರೂಪ. ಅದರ ಬೆನ್ನೆಲುಬಾಗಿದ್ದ ಕೆ. ವಿ. ಸುಬ್ಬಣ್ಣನವರು ಅಡಿಕೆ ತೋಟದ ಮನೆಯವರು. ನಾಟಕದಂತೆ ಜಗತ್ತಿನ ಒಳ್ಳೆಯ ಚಲಚ್ಚಿತ್ರವೂ ತಮ್ಮ ಊರಿನವರ ಹಕ್ಕು ಎಂದು ಅವರು ನಂಬಿದರು. ೧೯೭೩ರಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ಪುಣೆಯಲ್ಲಿ ೧೯೬೪ರಲ್ಲಿ ಸ್ಥಾಪನೆಯಾಗಿದ್ದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಲ್ಲಿ ಪಿ. ಕೆ. ನಾಯರ್ ಅವರು ದೇಶವಿದೇಶಗಳ ಚಿತ್ರಗಳನ್ನು ಕೂಡಿಡುತ್ತಿದ್ದರು. ಅಲ್ಲಿಯ ಚಲಚ್ಚಿತ್ರ ಶಿಕ್ಷಣ ಸಂಸ್ಥೆಯ ಸತೀಶ್ ಬಹಾದೂರ್ ಅವರು ಹೆಗ್ಗೋಡಿಗೇ ಬಂದು ಚಿತ್ರವನ್ನು ನೋಡುವ ಬಗೆಯನ್ನು ಪಾಠ ಹೇಳಿದರು. ಹದಿನಾರು ಮಿಲಿಮೀಟರ್ ಸುರುಳಿಗಳಲ್ಲಿ ಜಪಾನು, ಇಟಲಿ, ಬಂಗಾಳಗಳು ಅಡಿಕೆ ತೋಟದ ನಡುವೆ ಬಂದಿಳಿದವು. ೧೯೮೩ರಿಂದ ಸುಮಾರು ಎರಡು ವರ್ಷ ಕಾಲ 'ಜನಸ್ಪಂದನ' ಎಂಬ ಯೋಜನೆಯ ಮೂಲಕ ಈ ಕೆಲಸ ಹೆಗ್ಗೋಡಿನ ಎಲ್ಲೆ ದಾಟಿ ಕರ್ನಾಟಕದ ಬೇರೆ ಬೇರೆ ಹಳ್ಳಿಗಳಿಗೂ ಹಬ್ಬಿತು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಗಿನವರು ಬೆರಗಾದರು. ನಮ್ಮ ಕಡೆಯವರಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ.

ನಾನು ಆಗ ಕಾಲೇಜು ವಿದ್ಯಾರ್ಥಿ. ೧೯೮೦ರ ದಶಕದ ಆರಂಭ. ಅಡಿಕೆ ಕೊಯ್ಲು ಮುಗಿದಿದ್ದಿತು. ಸಾಗರದಲ್ಲಿ ಏನೋ ಕೆಲಸವಿದ್ದ ಮಾವನನ್ನು ಒಪ್ಪಿಸಿ, ಸೊರಬದಿಂದ ಬಸ್ಸಿನಲ್ಲಿ ಹೊರಟು, ಸಂಜೆಯ ಹೊತ್ತಿಗೆ ಹೆಗ್ಗೋಡು ಮುಟ್ಟಿದೆವು. ಆ ದಿನದ ಚಿತ್ರ ವಿತ್ತೋರಿಯೋ ದೆ ಸೀಕಾ ೧೯೪೮ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್'. ಮಾವನಿಗೆ ಇಂಗ್ಲಿಷ್ ಬಾರದು. ಇಟಾಲಿಯನ್ನಿನ ಮಾತೇ ಇಲ್ಲ. ಚಿತ್ರಕ್ಕೆ ಮೊದಲು ಒಬ್ಬರು ಎದ್ದುನಿಂತು ಕಥೆಯ ಎಳೆಯನ್ನು ನಾಲ್ಕು ಕನ್ನಡದ ಮಾತಿನಲ್ಲಿ ಹೇಳಿದರು. ದೀಪ ಆರಿತು.

ಕಥೆ ಸರಳವಾದದ್ದು. ಯುದ್ಧ ಮುಗಿದ ರೋಮ್ ನಗರ. ಕೆಲಸವಿಲ್ಲದ ಅಂತೋನಿಯೋಗೆ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕುತ್ತದೆ. ಆದರೆ ಸೈಕಲ್ ಇರಲೇಬೇಕು. ಅವನ ಸೈಕಲ್ ಅಡವಿನಲ್ಲಿದೆ. ಹೆಂಡತಿ ಮಾತಾಡದೆ ಮಂಚದ ಹಾಸುಬಟ್ಟೆಗಳನ್ನೆಲ್ಲ ಎಳೆದು, ಗಂಟು ಕಟ್ಟಿ, ಅಡವಿನಂಗಡಿಗೆ ಒಯ್ಯುತ್ತಾಳೆ. ಆ ದುಡ್ಡಿನಲ್ಲಿ ಸೈಕಲ್ ಬಿಡುಗಡೆಯಾಗುತ್ತದೆ. ಅಂಗಡಿಯ ಆಳು ಇವರ ಗಂಟನ್ನು ಹೊತ್ತು ಕಪಾಟು ಹತ್ತುತ್ತಾನೆ. ಹತ್ತುತ್ತಾನೆ, ಇನ್ನೂ ಹತ್ತುತ್ತಾನೆ. ಸೂರಿನವರೆಗೂ ಅಂಥವೇ ಗಂಟುಗಳು. ಊರಿನ ಬಡತನವೆಲ್ಲ ಒಂದೇ ನೋಟದಲ್ಲಿ ಕಾಣುವ ಜಾಗ ಅದು. ಆ ಕ್ಷಣದಲ್ಲಿ ಮಾವ ನನ್ನ ಪಕ್ಕದಲ್ಲಿ ನೆಟ್ಟಗೆ ಕೂತರು.

ಮುಂದಿನದನ್ನು ನೋಡಿದವರು ಬಲ್ಲರು. ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ತಂದೆ ಮಗ ಇಬ್ಬರೂ ಊರೆಲ್ಲ ಹುಡುಕುತ್ತಾರೆ. ಕೊನೆಗೆ ತಂದೆಯೇ ಬೇರೆಯವರ ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮಗ ಬ್ರೂನೋ ಅದನ್ನು ಕಣ್ಣಾರೆ ಕಾಣುತ್ತಾನೆ. ಸೈಕಲ್ಲಿನ ಒಡೆಯ ಹುಡುಗನ ಮುಖ ನೋಡಿ ಬಿಟ್ಟುಬಿಡುತ್ತಾನೆ. ಜನರ ನಡುವೆ ನಡೆಯುತ್ತ ಹುಡುಗ ತಂದೆಯ ಕೈ ಹಿಡಿದುಕೊಳ್ಳುತ್ತಾನೆ. ಅಷ್ಟೇ.

ದೀಪ ಹತ್ತಿದ ಮೇಲೆ ಚರ್ಚೆ. ಯುದ್ಧಾನಂತರದ ಇಟಲಿಯ ಸ್ಥಿತಿಯ ಬಗ್ಗೆ ಒಬ್ಬರು ಕೇಳಿದರು. ಅಂತೋನಿಯೋ ಪಾತ್ರ ವಹಿಸಿದವನು ನಟನೇ ಅಲ್ಲ, ಕಾರ್ಖಾನೆಯ ಕೆಲಸಗಾರನೆಂದು ತಿಳಿದಾಗ ಎಲ್ಲರೂ ತಲೆದೂಗಿದರು. ಆಗ ನನ್ನ ಮಾವ, ಯಾವ ಸಭೆಯಲ್ಲೂ ಬಾಯಿ ತೆರೆಯದ ಮನುಷ್ಯ, ಎದ್ದು ನಿಂತರು.

"ಅಲ್ಲ ಸ್ವಾಮಿ, ಸೈಕಲ್ ಹೋಯ್ತು ಸರಿ. ಆ ಹಾಸಿಗೆ ಬಟ್ಟೆ ಏನಾಯ್ತು? ಬಿಡಿಸಿಕೊಂಡ್ರೋ ಇಲ್ವೋ ಅದನ್ನ ಹೇಳ್ಲೇ ಇಲ್ವಲ್ಲ?"

ಕೆಲವರು ನಕ್ಕರು. ಚರ್ಚೆ ನಡೆಸುತ್ತಿದ್ದವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಪ್ರಶ್ನೆಗೆ ಉತ್ತರ ನಾವೇ ಹೇಳಿಕೊಳ್ಳಬೇಕು. ಯಾರು ಹೇಳ್ತೀರಿ?" ಎಂದರು. ಆಮೇಲಿನ ಮಾತೆಲ್ಲ ಆ ಬಟ್ಟೆಯ ಗಂಟಿನ ಸುತ್ತಲೇ ಸುತ್ತಿತು. ಕೆಲಸ ಹೋಯಿತು, ಇನ್ನು ಆ ಮನೆಯವರು ಏನು ಹೊದೆದಾರು ಎಂದು ಒಬ್ಬ ಹೆಂಗಸು ಕೇಳಿದರು. ಅದು ಕಳ್ಳನ ಕಥೆಯಲ್ಲ, ಅಡವಿನ ಕಥೆ ಎಂದು ಮತ್ತೊಬ್ಬರು ಹೇಳಿದರು. ಆ ಚಿತ್ರದ ಬಗ್ಗೆ ಆಮೇಲೆ ನಾನು ಓದಿದ ದೊಡ್ಡ ವಿಮರ್ಶೆಗಳಲ್ಲಿ ಯಾವುದೂ ನನಗೆ ಅಷ್ಟು ಒಳಗಿನದೆನಿಸಲಿಲ್ಲ.

ರಾತ್ರಿ ಹಿಂದಿರುಗುವಾಗ ಮಾವ ತಾವಾಗಿ ಹೇಳಿದರು. ಒಂದು ಮಳೆಗಾಲ ತೋಟಕ್ಕೆ ಕೊಳೆರೋಗ ಬಂದು ಫಸಲೆಲ್ಲ ಉದುರಿದ್ದಿತಂತೆ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಅಡವಿಟ್ಟರು. "ಮುಂದಿನ ವರ್ಷ ಬಿಡಿಸ್ತೀನಿ ಅಂತ ನಿಮ್ಮತ್ತೆಗೆ ಮಾತು ಕೊಟ್ಟಿದ್ದೆ ಮಾರಾಯ. ಬಿಡಿಸ್ಲಿಲ್ಲ. ಅವಳೂ ಕೇಳ್ಲಿಲ್ಲ" ಎಂದು ಸುಮ್ಮನಾದರು. ಅವರ ಮನೆಯಲ್ಲಿ ಮಣ್ಣಿನ ಗುಡಾಣದಲ್ಲಿ ನೀರು ಕಾಯಿಸುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೆ. ಕಾರಣ ತಿಳಿದದ್ದು ಆ ದಿನ. ರೋಮ್ ನಗರದ ಒಂದು ಕಪಾಟು ನನ್ನ ಮಾವನ ಬಾಯಿ ತೆರೆಸಿತು. ಅವರು ಒಬ್ಬರೇ ಕೂತು ನೋಡಿದ್ದರೆ ಆ ಮಾತು ಹೊರಬೀಳುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಅಂದಿನಿಂದ ನಾನು ಸಿಕ್ಕಿದ ಕಡೆಯಲ್ಲೆಲ್ಲ ಇಂಥ ಚಿತ್ರಗಳನ್ನು ಅರಸಿಕೊಂಡು ಹೋದೆ. ಕುರೊಸಾವನ 'ರಾಶೊಮೊನ್' ನೋಡಿದಾಗ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವುದು ನಮ್ಮೂರ ಪಂಚಾಯಿತಿಯನ್ನು ನೆನಪಿಗೆ ತಂದಿತು. ರಾಬರ್ಟ್ ಫ್ಲಾಹರ್ಟಿ ೧೯೨೨ರಲ್ಲಿ ಹೊರತಂದ 'ನಾನೂಕ್ ಆಫ್ ದಿ ನಾರ್ತ್' ನನ್ನ ಹಳೆಯ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಸಿತು. ಹಿಮದ ನಾಡಿನ ಒಂದು ಸಂಸಾರ ಬೇಟೆಯಾಡಿ, ಮಂಜಿನ ಮನೆ ಕಟ್ಟಿ ಬದುಕುವುದನ್ನು ನೋಡುತ್ತ, ಡೇರೆಯ ಹೊರಗೆ ಕಡಲೆಕಾಯಿ ತಿನ್ನುತ್ತ ನಾನು ಏನನ್ನು ಕಳೆದುಕೊಂಡೆನೆಂದು ಅರಿವಾಯಿತು. ಆ ಚಿತ್ರದ ಹಿಂದೆಯೂ ಒಂದು ಕಥೆಯುಂಟು. ಫ್ಲಾಹರ್ಟಿ ಮೊದಲು ತೆಗೆದ ಸುರುಳಿಗಳು ಅವನ ಸಿಗರೇಟಿನ ಕಿಡಿ ತಾಗಿ ಸುಟ್ಟುಹೋದವು. ಆತ ಮತ್ತೆ ಹೋಗಿ ಎಲ್ಲವನ್ನೂ ಹೊಸದಾಗಿ ತೆಗೆದ. ಮಂಜಿನ ಮನೆಯೊಳಗೆ ಬೆಳಕು ಸಾಲದೆ, ಅರ್ಧ ಮನೆಯನ್ನಷ್ಟೇ ಕಟ್ಟಿಸಿ ಒಳಗಿನ ದೃಶ್ಯವನ್ನು ಚಿತ್ರಿಸಿದ. ಹಾಗಾದರೆ ಅದು ಸತ್ಯವೇ, ನಟನೆಯೇ ಎಂದು ಅಂದಿನಿಂದ ಇಂದಿನವರೆಗೂ ವಾದ ನಡೆದಿದೆ. ಸಾಕ್ಷ್ಯಚಿತ್ರವೆಂದರೆ ಕಣ್ಣುಮುಚ್ಚಿ ನಂಬುವುದಲ್ಲ, ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ಎಂಬ ಪಾಠ ನನಗೆ ಅಲ್ಲಿ ದೊರೆಯಿತು.

ಬೆಂಕಿಯ ಮಾತು ಬಂದಿತು. ಫಿಲ್ಮು ಕಲ್ಲಿನಂಥದಲ್ಲ. ಮೊದಲ ಕಾಲದ ನೈಟ್ರೇಟ್ ಫಿಲ್ಮು ಸಣ್ಣ ಕಿಡಿಗೂ ಹೊತ್ತಿಕೊಳ್ಳುವಂಥದು. ಆಮೇಲಿನ ಅಸಿಟೇಟ್ ಫಿಲ್ಮು ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲವಾದರೂ ಶಾಖಕ್ಕೂ ತೇವಕ್ಕೂ ಕೆಡುತ್ತ, ಹುಳಿಯ ನಾತ ಬೀರುತ್ತ, ಸುಕ್ಕುಗಟ್ಟುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಓಲೆಗರಿಗೆ ಬೂಷ್ಟು ಹಿಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ೧೯೫೫ರ 'ಪಥೇರ್ ಪಾಂಚಾಲಿ'ಯ ಮೂಲ ನೆಗೆಟಿವ್‌ಗಳು ೧೯೯೩ರಲ್ಲಿ ಲಂಡನ್ನಿನ ಒಂದು ಪ್ರಯೋಗಶಾಲೆಗೆ ಬೆಂಕಿ ಬಿದ್ದಾಗ ಸುಟ್ಟು ಕರಕಾದವು. ಅಳಿದುಳಿದದ್ದನ್ನು ಅಮೆರಿಕದವರು ಎಸೆಯದೆ ಕಾಪಿಟ್ಟರು. ಇಟಲಿಯ ಬೊಲೋನ್ಯಾದ ಪ್ರಯೋಗಶಾಲೆಯಲ್ಲಿ ಆ ಸುರುಳಿಗಳಿಗೆ ಮತ್ತೆ ಮೃದುತ್ವ ಬರಿಸಿ, ಕರಗಿ ಅಂಟಿಕೊಂಡದ್ದನ್ನು ಬಿಡಿಸಿ, ಅಂಚಿನ ರಂಧ್ರಗಳನ್ನು ಕೈಯಿಂದ ಸರಿಪಡಿಸಿದರು. ಆ ಕೈಕೆಲಸಕ್ಕೇ ಸುಮಾರು ಸಾವಿರ ಗಂಟೆ ಹಿಡಿಯಿತು. ಸುಟ್ಟ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿಸಿ, ೨೦೧೫ರಲ್ಲಿ ಚಿತ್ರ ಮತ್ತೆ ತೆರೆಗೆ ಬಂದಿತು.

ನಮ್ಮದೇ ಜಿಲ್ಲೆಯ ಒಂದು ಸಂಗತಿಯನ್ನು ಹೇಳಲೇಬೇಕು. ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ 'ಘಟಶ್ರಾದ್ಧ' ೧೯೭೭ರದು. ಯು. ಆರ್. ಅನಂತಮೂರ್ತಿಯವರ ಕಥೆ, ಬಿ. ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರರ ಛಾಯಾಗ್ರಹಣ, ಸ್ವರ್ಣಕಮಲ ಪಡೆದ ಚಿತ್ರ. ಬದುಕಿರುವ ಯಮುನಕ್ಕನಿಗೆ ಶ್ರಾದ್ಧ ಮಾಡಿ ಹೊರಹಾಕುವುದನ್ನು ನಾಣಿಯೆಂಬ ಹುಡುಗನ ಕಣ್ಣಿನಲ್ಲಿ ಕಾಣಿಸಿದ ಆ ಚಿತ್ರವನ್ನು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲಂ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಉದ್ಧಾರ ಮಾಡಿಸಿದವು. ೨೦೨೪ರಲ್ಲಿ ಅದು ವೆನಿಸ್ ಚಿತ್ರೋತ್ಸವದ ಅಭಿಜಾತ ಕೃತಿಗಳ ವಿಭಾಗದಲ್ಲಿ ಪ್ರದರ್ಶಿತವಾಯಿತು. ಹಿಂದೆ ಇಟಲಿಯ ಚಿತ್ರ ಮಲೆನಾಡಿಗೆ ಬಂದಿದ್ದಿತು. ಈಗ ಮಲೆನಾಡಿನ ಚಿತ್ರ ಇಟಲಿಗೆ ಹೋಯಿತು.

ಈ ಕೆಲಸ ಎಷ್ಟು ತಾಳ್ಮೆಯದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸೆಕೆಂಡಿಗೆ ೨೪ ಚೌಕಟ್ಟು. ನೂರು ನಿಮಿಷದ ಚಿತ್ರವೆಂದರೆ ೧,೪೪,೦೦೦ ಚಿತ್ರಗಳು. ಒಂದೊಂದರ ಮೇಲಿನ ಗೀರು, ಧೂಳು, ಕಲೆಗಳನ್ನೂ ನೋಡಬೇಕು. ಹಾಗೆ ನೋಡುವಾಗ ಅತಿಯಾಗಿ ತೊಳೆಯಲೂ ಬಾರದು. ಹಳೆಯ ಗುಡಿಯ ಕಂಬಗಳಿಗೆ ಎಣ್ಣೆ ಬಣ್ಣ ಬಳಿದು, ಅದನ್ನೇ ಜೀರ್ಣೋದ್ಧಾರವೆಂದು ಬೀಗುವವರನ್ನು ನಾವು ಕಂಡಿದ್ದೇವೆ. ಚಿತ್ರದ ಉದ್ಧಾರಕನೂ ಅದೇ ಮೋಹಕ್ಕೆ ಸಿಕ್ಕಬಹುದು. ಹಳೆಯ ಫಿಲ್ಮಿನ ಸೂಕ್ಷ್ಮವಾದ ಕಣಕಣವನ್ನು ಒರಸಿಹಾಕಿ ನಯಮಾಡಿದರೆ ಅದು ಹೊಸ ಚಿತ್ರವಾದೀತೇ ಹೊರತು ಉಳಿಸಿದ ಚಿತ್ರವಾಗದು. ಒಳ್ಳೆಯ ಉದ್ಧಾರಕ ಶಾಸನದ ಪಡಿಯಚ್ಚು ತೆಗೆಯುವವನ ಹಾಗೆ. ಕಲ್ಲಿನಲ್ಲಿ ಇಲ್ಲದ ಅಕ್ಷರವನ್ನು ಅವನು ಬರೆಯುವುದಿಲ್ಲ.

ಈಗ ಕಾಲ ಬದಲಾಗಿದೆ. ಡೇರೆ ಹೋಯಿತು, ಹದಿನಾರು ಮಿಲಿಮೀಟರ್ ಸುರುಳಿಯೂ ಹೋಯಿತು. ಶಿಕಾರಿಪುರದ ವಿದ್ಯಾರ್ಥಿ ನಿಲಯದಲ್ಲಿ ಕೂತ ಹುಡುಗಿ ತನ್ನ ಮೊಬೈಲಿನಲ್ಲಿ, ನಾನು ವರ್ಷಗಟ್ಟಲೆ ಕಾದು ನೋಡಿದ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಬಲ್ಲಳು. ಅದೂ ನಾನು ಕಂಡದ್ದಕ್ಕಿಂತ ಎಷ್ಟೋ ಸ್ವಚ್ಛವಾದ ಪ್ರತಿಗಳಲ್ಲಿ. ಇದಕ್ಕೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವನು ನಾನಲ್ಲ. ಆದರೆ ಒಂದು ಸಂಶಯ ನನ್ನನ್ನು ಬಿಡುವುದಿಲ್ಲ. ತಾಳಗುಂದದ ಕಂಬವೂ ಎಲ್ಲರ ಕಣ್ಣೆದುರೇ ಇದ್ದಿತಲ್ಲವೇ? ಕೈಗೆಟಕುವುದು ಬೇರೆ, ನಮ್ಮದಾಗುವುದು ಬೇರೆ. ಲೋಕದ ಮಹಾಚಿತ್ರಗಳೆಲ್ಲ ನಮ್ಮ ಅಂಗಿಯ ಜೇಬಿನಲ್ಲಿ ಓದದ ಶಾಸನಗಳ ಹಾಗೆ ಬಿದ್ದಿದ್ದರೆ ಬಂದ ಭಾಗ್ಯವೇನು?

ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರ, ಎಲ್ಲ ಕಡೆಯೂ ಶಾಲೆ ಕಾಲೇಜುಗಳಿವೆ. ತಿಂಗಳಿಗೊಂದು ಸಂಜೆ, ಒಂದು ಬಿಳಿಯ ಗೋಡೆ, ಬಲ್ಲವರೊಬ್ಬರ ನಾಲ್ಕು ಕನ್ನಡದ ಮಾತು, ಚಿತ್ರ, ಆಮೇಲೆ ಅರ್ಧ ಗಂಟೆಯ ಚರ್ಚೆ. ಆ ಅರ್ಧ ಗಂಟೆಯನ್ನು ಮಾತ್ರ ಬಿಡಬಾರದು. ಜೊತೆಗೆ, ಅಟ್ಟದ ಮೇಲೆ ತುಕ್ಕು ಹಿಡಿದ ಫಿಲ್ಮಿನ ಡಬ್ಬಿಯೋ, ಹಳೆಯ ಸಿನಿಮಾದ ಕರಪತ್ರವೋ, ಹಾಡಿನ ಪುಸ್ತಕವೋ ಕಂಡರೆ ಗುಜರಿಗೆ ಹಾಕುವ ಮುನ್ನ ತಿಳಿದವರಿಗೆ ತೋರಿಸಬೇಕು. 'ಸತಿ ಸುಲೋಚನ'ಕ್ಕೆ ಆದ ಗತಿ ಇನ್ನೊಂದಕ್ಕೆ ಆಗದಿರಲಿ.

ಮಾವ ತೀರಿಕೊಂಡು ವರ್ಷಗಳಾದವು. ಈಚೆಗೆ ಒಂದು ರಾತ್ರಿ 'ಬೈಸಿಕಲ್ ಥೀವ್ಸ್'ನ ಉದ್ಧಾರಗೊಂಡ ಪ್ರತಿಯನ್ನು ಮನೆಯಲ್ಲಿ ಒಬ್ಬನೇ ಕೂತು ನೋಡಿದೆ. ಹೆಗ್ಗೋಡಿನಲ್ಲಿ ಮಸುಕಾಗಿ ಕಂಡಿದ್ದ ಆ ಕಪಾಟು ಈಗ ಸೂರಿನವರೆಗೂ ನಿಚ್ಚಳವಾಗಿ ಕಂಡಿತು. ಒಂದೊಂದು ಗಂಟಿನ ಮಡಿಕೆಯೂ ಎಣಿಸುವ ಹಾಗಿದ್ದಿತು. ಆಳು ಹತ್ತಿ ಹತ್ತಿ ಗಂಟನ್ನು ಇಟ್ಟು ಇಳಿದ. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಕೇಳುವವರು ಯಾರೂ ಇರಲಿಲ್ಲ.

ಮಾರನೆಯ ದಿನ ನೆರೆಮನೆಯ ಹುಡುಗರನ್ನು ಕರೆದು, ಬರುವ ಭಾನುವಾರ ಸಂಜೆ ಬನ್ನಿರೆಂದು ಹೇಳಿದೆ.